ಕಡಲೂರಿನ ಗಾಳಿ ಕೆಡುವುದು ಹೇಗೆ? ಹವೆ, ನಗರದ ಬೆಳವಣಿಗೆ ಮತ್ತು ಹೊಗೆಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಪಕ್ಕದಲ್ಲೇ ಕಡಲಿದೆ, ಗಾಳಿ ಬೀಸುತ್ತಲೇ ಇರುತ್ತದೆ. ಆದರೂ ಅಂಥ ಊರಿನ ಗಾಳಿ ಕೆಡುವುದು ಹೇಗೆ?

ಗಾಳಿ ಬೀಸುತ್ತದೆ ಎನ್ನುವುದು ಅರ್ಧ ಮಾತು. ಯಾವ ಹೊತ್ತಿಗೆ ಬೀಸುತ್ತದೆ, ಯಾವ ದಿಕ್ಕಿಗೆ, ಎಷ್ಟು ಎತ್ತರದವರೆಗೆ, ಬೀಸಿದ್ದು ಎಲ್ಲಿಗೆ ಹೋಗಿ ನಿಲ್ಲುತ್ತದೆ ಎಂಬುದು ಉಳಿದ ಅರ್ಧ. ತಕರಾರೆಲ್ಲ ಇರುವುದು ಅಲ್ಲಿ. ಕಡಲಂಚಿನ ಊರಿಗೆ ಒಳನಾಡಿನ ಊರಿಗಿಲ್ಲದ ಅನುಕೂಲವಿದೆ, ಸುಳ್ಳಲ್ಲ. ಆದರೆ ಅದು ದಿನದ ಕೆಲವು ಗಂಟೆ, ವರ್ಷದ ಕೆಲವು ತಿಂಗಳು, ಊರಿನ ಕೆಲವು ಬಡಾವಣೆಗಳಿಗಷ್ಟೇ ದಕ್ಕುವ ಅನುಕೂಲ.

ಲಾಸ್ ಏಂಜಲೀಸ್ ಪೆಸಿಫಿಕ್ ಮಹಾಸಾಗರದ ದಂಡೆಯಲ್ಲೇ ಇದೆ. 1943ರ ಜುಲೈ 26ರಂದು ಅಲ್ಲಿ ದಟ್ಟ ಹೊಗೆಮಂಜು ಕವಿದು ಜನರ ಕಣ್ಣು, ಗಂಟಲು ಉರಿಯತೊಡಗಿದವು. ಯುದ್ಧದ ಕಾಲ, ಜಪಾನ್ ವಿಷಾನಿಲ ಬಿಟ್ಟಿದೆ ಎಂದೇ ಹಲವರು ಭಾವಿಸಿದರು. ಅದು ಊರಿನದೇ ಹೊಗೆಯಾಗಿತ್ತು. ವಾಹನಗಳಿಂದಲೂ ತೈಲ ಸಂಸ್ಕರಣಾಗಾರಗಳಿಂದಲೂ ಹೊರಬಿದ್ದ ಅನಿಲಗಳು ಬಿಸಿಲಿಗೆ ಸಿಕ್ಕಿ, ನೆಲಮಟ್ಟದಲ್ಲಿ ಉಸಿರಿಗೆ ಕೆಡುಕಾದ ಓಝೋನ್ ಅನಿಲವಾಗಿ ಮಾರ್ಪಡುತ್ತವೆ ಎಂಬುದನ್ನು 1950ರ ದಶಕದ ಆರಂಭದಲ್ಲಿ ರಸಾಯನಶಾಸ್ತ್ರಜ್ಞ ಆರಿ ಹಾಗೆನ್-ಸ್ಮಿಟ್ ತೋರಿಸಿಕೊಟ್ಟ ಮೇಲೆಯೇ ಈ ಒಗಟು ಬಿಡಿಸಿತು.

ಕಡಲ ಗಾಳಿ, ನೆಲದ ಗಾಳಿ ಎಂದರೆ ನಿಖರವಾಗಿ ಏನು?

ಬಿಸಿಲಿಗೆ ನೆಲ ಬೇಗ ಕಾಯುತ್ತದೆ, ನೀರು ನಿಧಾನ. ಕಾದ ನೆಲದ ಮೇಲಿನ ಗಾಳಿ ಮೇಲೇರಿದಂತೆ ಕಡಲ ಕಡೆಯ ತಂಪು ಗಾಳಿ ಒಳಗೆ ನುಗ್ಗುತ್ತದೆ. ಸಾಮಾನ್ಯವಾಗಿ ಬೆಳಗ್ಗೆ ಹತ್ತು ಹನ್ನೊಂದರ ಹೊತ್ತಿಗೆ ಶುರುವಾಗಿ ಮಧ್ಯಾಹ್ನ ಜೋರಾಗುತ್ತದೆ. ರಾತ್ರಿ ನೆಲ ಬೇಗ ತಣಿಯುವುದರಿಂದ ಗಾಳಿ ತಿರುಗಿ ನೆಲದಿಂದ ಕಡಲಿಗೆ ಹರಿಯುತ್ತದೆ. ಇದು ಹಗಲಿನದಕ್ಕಿಂತ ತೆಳು ಮತ್ತು ನಿಧಾನ. ಹಗಲು ಒಳಗೆ ಬಂದ ಕಡಲ ಗಾಳಿಯ ದಪ್ಪವೂ ಬಹಳವಿಲ್ಲ, ಕೆಲವು ನೂರು ಮೀಟರಿನಿಂದ ಒಂದು ಕಿಲೋಮೀಟರ್ ಆಸುಪಾಸು. ಅದರ ಮೇಲೆ ಇನ್ನೊಂದು ಪದರದಲ್ಲಿ ಗಾಳಿ ಕಡಲ ಕಡೆಗೇ ಮರಳುತ್ತಿರುತ್ತದೆ. ಈ ಮೇಲಿನ ಪದರವನ್ನು ನೆನಪಿಟ್ಟುಕೊಳ್ಳಿ. ಮುಂದಿನ ಉತ್ತರಕ್ಕೆ ಅದೇ ಕೀಲಿಕೈ.

ಹಾಗಾದರೆ ಕಡಲ ಗಾಳಿ ಊರನ್ನು ತೊಳೆಯುತ್ತದೆ ಎಂದಾಯಿತಲ್ಲ?

ದಂಡೆಯನ್ನು ತೊಳೆಯುತ್ತದೆ. ಊರನ್ನು ತೊಳೆಯುತ್ತದೆ ಎನ್ನುವುದು ಅನುಮಾನ.

ಮಧ್ಯಾಹ್ನ ಒಳನುಗ್ಗಿದ ಗಾಳಿ ದಂಡೆಯ ರಸ್ತೆಗಳ ಹೊಗೆಯನ್ನು ಎತ್ತಿಕೊಂಡು ಒಳಗಿನ ಬಡಾವಣೆಗಳತ್ತ ಸಾಗುತ್ತದೆ. ಸಾಗುವ ಎರಡು ಮೂರು ಗಂಟೆಗಳಲ್ಲಿ ಬಿಸಿಲು ತನ್ನ ಕೆಲಸ ಮಾಡಿರುತ್ತದೆ: ನೈಟ್ರೋಜನ್ ಆಕ್ಸೈಡುಗಳೂ ಪೆಟ್ರೋಲಿನಂಥ ಆವಿಗಳೂ ಕೂಡಿ ಓಝೋನ್ ಹುಟ್ಟಿರುತ್ತದೆ. ಹಾಗಾಗಿಯೇ ಲಾಸ್ ಏಂಜಲೀಸ್ ಪ್ರದೇಶದಲ್ಲಿ ಕಡಲಂಚಿನ ಸಾಂಟಾ ಮೋನಿಕಾಗಿಂತ ಎಷ್ಟೋ ಕಿಲೋಮೀಟರ್ ಒಳಗಿರುವ ರಿವರ್‌ಸೈಡ್, ಸ್ಯಾನ್ ಬರ್ನಾರ್ಡಿನೋ ಊರುಗಳಲ್ಲಿ ಓಝೋನ್ ಹೆಚ್ಚು. ಹೊಗೆ ಉಗುಳಿದವರು ಒಂದು ಕಡೆ, ಉಸಿರಾಡುವವರು ಇನ್ನೊಂದು ಕಡೆ. 1970ರ ಜುಲೈ 18ರಂದು ಟೋಕಿಯೋದಲ್ಲಿ ಮೈದಾನದಲ್ಲಿದ್ದ ಶಾಲಾ ಮಕ್ಕಳು ಕಣ್ಣುರಿ, ಉಸಿರಾಟದ ತೊಂದರೆಯಿಂದ ಕುಸಿದುಬಿದ್ದ ಪ್ರಕರಣ ನಡೆದದ್ದೂ ಕೊಲ್ಲಿಯ ದಡದ ಕಾರ್ಖಾನೆಗಳ ಸಾಲಿನಲ್ಲಲ್ಲ, ಒಳಗಿನ ವಸತಿ ಪ್ರದೇಶವಾದ ಸುಗಿನಾಮಿಯಲ್ಲಿ.

ಇನ್ನೊಂದು ಸೂಕ್ಷ್ಮವಿದೆ. ಒಳಗೆ ಹೋದ ಹೊಗೆ ಮೇಲೇರಿ, ಆಗ ಹೇಳಿದ ಮರಳು ಪದರಕ್ಕೆ ಸೇರಿ, ಕಡಲ ಮೇಲಕ್ಕೆ ಹೋಗಿ ಕೆಳಗಿಳಿದು, ಮರುದಿನದ ಕಡಲ ಗಾಳಿಯೊಂದಿಗೆ ಮತ್ತೆ ಊರಿಗೇ ಬರಬಹುದು. ರಾತ್ರಿಯ ನೆಲದ ಗಾಳಿಯೂ ಅಷ್ಟೇ, ಊರಿನ ಹೊಗೆಯನ್ನು ನೀರಿನ ಮೇಲೆ ಸ್ವಲ್ಪ ದೂರಕ್ಕೆ ಒಯ್ದು ಇಳಿಸುತ್ತದೆ; ಬೆಳಗ್ಗೆ ಅದು ಬಡ್ಡಿಸಮೇತ ವಾಪಸು. ಬಡ್ಡಿ ಎಂದದ್ದಕ್ಕೆ ಕಾರಣವಿದೆ. ನೀರಿನ ಮೇಲೆ ಓಝೋನನ್ನು ಹೀರಿಕೊಳ್ಳುವ ಎಲೆಯಿಲ್ಲ, ಮಣ್ಣಿಲ್ಲ. ವಾಹನಗಳ ತಾಜಾ ಹೊಗೆ ಇಲ್ಲದ್ದರಿಂದ ಓಝೋನನ್ನು ನುಂಗುವ ನೈಟ್ರಿಕ್ ಆಕ್ಸೈಡ್ ಕೂಡ ಕಡಿಮೆ. ತಣ್ಣನೆಯ ನೀರಿನ ಮೇಲಿನ ಗಾಳಿ ಮೇಲೆ ಕೆಳಗೆ ಕಲಸಿಕೊಳ್ಳುವುದೂ ಇಲ್ಲ. ಅಮೆರಿಕದ ಚೆಸಪೀಕ್ ಕೊಲ್ಲಿಯ ನೀರಿನ ಮೇಲೆ ಪಕ್ಕದ ನೆಲಕ್ಕಿಂತ ಹೆಚ್ಚು ಓಝೋನ್ ಕಾಣಿಸಿಕೊಳ್ಳುವ ದಿನಗಳಿವೆ. ಸ್ಪೇನಿನ ಪೂರ್ವ ಕರಾವಳಿಯಲ್ಲಿ ಬೇಸಿಗೆಯ ಹೊತ್ತು ಹೊಗೆ ಹೀಗೆ ದಿನಗಟ್ಟಲೆ ಸುತ್ತು ಹೊಡೆಯುವುದನ್ನು ಹವಾಮಾನ ವಿಜ್ಞಾನಿ ಮಿಲ್ಯಾನ್ ಮಿಲ್ಯಾನ್ ವಿವರವಾಗಿ ಬಿಡಿಸಿಟ್ಟಿದ್ದರು.

ಅಮೆರಿಕದ ಟೆಕ್ಸಸ್ ರಾಜ್ಯದ ಹೂಸ್ಟನ್ ನಗರದ ಹೆಸರು ಈ ವಿಷಯದಲ್ಲಿ ಪದೇ ಪದೇ ಬರುತ್ತದೆ, ಏಕೆ?

ಅಲ್ಲಿ ಗಾಳಿ ತಿರುಗುವ ಕ್ಷಣವೇ ಅಪಾಯದ ಕ್ಷಣ. ಬೆಳಗಿನ ನೆಲದ ಗಾಳಿ ಕುಗ್ಗಿ, ಗಾಲ್ವೆಸ್ಟನ್ ಕೊಲ್ಲಿಯಿಂದ ಗಾಳಿ ಒಳಬರುವ ಮುನ್ನ ಸ್ವಲ್ಪ ಹೊತ್ತು ಎಲ್ಲವೂ ನಿಂತಂತಾಗುತ್ತದೆ. ಹಡಗು ಕಾಲುವೆಯ ಇಕ್ಕೆಲದ ಪೆಟ್ರೋ-ರಾಸಾಯನಿಕ ಕಾರ್ಖಾನೆಗಳಿಂದ ಸೋರಿದ ಎಥಿಲೀನ್, ಪ್ರೊಪಿಲೀನ್‌ನಂಥ ಚುರುಕು ಆವಿಗಳು ಅಷ್ಟರಲ್ಲಿ ರಾಶಿಯಾಗುತ್ತವೆ. ಗಾಳಿ ತಿರುಗಿದಾಗ ಆ ರಾಶಿಯೇ ಊರಿನ ಮೇಲೆ ಹಾಯುತ್ತದೆ. ಓಝೋನ್ ಕೆಲವೇ ಗಂಟೆಗಳಲ್ಲಿ ಥಟ್ಟನೆ ಏರುವುದಕ್ಕೆ ಇದು ಕಾರಣವೆಂದು 2000ದಲ್ಲಿ ನಡೆದ ಟೆಕ್ಸಸ್ ವಾಯು ಅಧ್ಯಯನ ತೋರಿಸಿತು.

'ಉಷ್ಣಾಂಶದ ವಿಲೋಮ' ಎಂಬ ಮಾತು ಹವಾಮಾನ ವರದಿಗಳಲ್ಲಿ ಬರುತ್ತದೆ. ಅದಕ್ಕೂ ಹೊಗೆಗೂ ಏನು ಸಂಬಂಧ?

ಮೇಲೆ ಹೋದಂತೆ ಗಾಳಿ ತಂಪಾಗುವುದು ಸಹಜ. ಆಗ ಕೆಳಗಿನ ಬಿಸಿ ಗಾಳಿ ಮೇಲೇರುತ್ತದೆ, ಹೊಗೆಯೂ ಜೊತೆಗೆ ಏರಿ ಚದುರುತ್ತದೆ. ಕೆಲವೊಮ್ಮೆ ಕೆಳಗೆ ತಂಪು, ಮೇಲೆ ಬಿಸಿ ಎಂದು ತಲೆಕೆಳಗಾಗುತ್ತದೆ. ಅದೇ ವಿಲೋಮ. ಹೊಗೆ ಅಷ್ಟೆತ್ತರಕ್ಕೆ ಹೋಗಿ ಮುಚ್ಚಳ ಬಿದ್ದ ಪಾತ್ರೆಯ ಹಬೆಯಂತೆ ಅಲ್ಲೇ ಹರಡಿಕೊಳ್ಳುತ್ತದೆ.

ಕಡಲಂಚಿನಲ್ಲಿ ಇದು ಎರಡು ಬಗೆಯಲ್ಲಿ ಆಗುತ್ತದೆ. ಒಂದು, ರಾತ್ರಿ ನೆಲ ತಣಿದು ಆಗುವ ಸಾಧಾರಣ ವಿಲೋಮ, ಬಿಸಿಲೇರಿದರೆ ಕರಗುತ್ತದೆ. ಇನ್ನೊಂದು ಹಟಮಾರಿ. ತಣ್ಣನೆಯ ಕಡಲ ಪ್ರವಾಹವಿರುವ ಕಡೆ ಕೆಳಗಿನ ಗಾಳಿ ತಂಪಾಗಿಯೇ ಇರುತ್ತದೆ, ಮೇಲಿನಿಂದ ಅಧಿಕ ಒತ್ತಡದ ವ್ಯವಸ್ಥೆ ಗಾಳಿಯನ್ನು ಕೆಳಕ್ಕೆ ಒತ್ತಿ ಬಿಸಿ ಮಾಡುತ್ತದೆ. ಎರಡರ ನಡುವಿನ ಮುಚ್ಚಳ ವಾರಗಟ್ಟಲೆ ಅಲ್ಲಾಡುವುದಿಲ್ಲ. ಲಾಸ್ ಏಂಜಲೀಸಿನ ಬೇಸಿಗೆ ಇಂಥದ್ದು. ಒಳಬದಿಯಲ್ಲಿ ಸ್ಯಾನ್ ಗೇಬ್ರಿಯಲ್ ಬೆಟ್ಟಸಾಲು ಬೇರೆ ಗೋಡೆ ಕಟ್ಟಿದೆ. ಪೆರು ದೇಶದ ಲಿಮಾ ಇನ್ನೂ ವಿಚಿತ್ರ: ಹಂಬೋಲ್ಟ್ ಪ್ರವಾಹದ ತಣ್ಣೀರು ಮುಂದೆ, ಆಂಡಿಸ್ ಬೆಟ್ಟ ಹಿಂದೆ, ತಿಂಗಳುಗಟ್ಟಲೆ ಮೋಡದ ಚಪ್ಪರ, ಆದರೆ ಧೂಳು ತೊಳೆಯುವಷ್ಟು ಮಳೆಯೇ ಇಲ್ಲ. ಮಂಜಿನಂಥ ಜಿನುಗು ಬಿದ್ದು ನೆಲ ಒದ್ದೆಯಾಗುವುದಷ್ಟೇ.

ಹವೆ ಬದಲಾದರೆ ಮಾಲಿನ್ಯ ನಿಜವಾಗಿ ಎಷ್ಟು ಬದಲಾಗಬಹುದು?

ಒಂದು ಸರಳ ಲೆಕ್ಕ ಮಾಡಿ ನೋಡಿ. ಊರಿನ ಮೇಲೆ ಹೊಗೆ ಕಲಸಿಕೊಳ್ಳುವ ಪದರದ ಎತ್ತರ 1,000 ಮೀಟರ್, ಗಾಳಿಯ ವೇಗ ಸೆಕೆಂಡಿಗೆ 4 ಮೀಟರ್ ಎಂದಿಟ್ಟುಕೊಳ್ಳಿ. ಇವೆರಡರ ಗುಣಲಬ್ಧ 4,000. ಚಳಿಗಾಲದ ಒಂದು ಮುಂಜಾನೆ ಪದರ 250 ಮೀಟರಿಗೆ ಇಳಿಯಿತು, ಗಾಳಿ 1 ಮೀಟರಿಗೆ ಕುಗ್ಗಿತು. ಗುಣಲಬ್ಧ 250. ಒಂದೇ ಒಂದು ವಾಹನ ಹೆಚ್ಚಾಗದಿದ್ದರೂ ಊರಿನದೇ ಹೊಗೆಯ ಸಾಂದ್ರತೆ ಹದಿನಾರು ಪಟ್ಟು ಏರಲು ಇಷ್ಟು ಸಾಕು. ವಾಸ್ತವದಲ್ಲಿ ಇಷ್ಟು ಅಚ್ಚುಕಟ್ಟಾಗಿ ನಡೆಯುವುದಿಲ್ಲ. ಹೊರಗಿನಿಂದ ಬಂದ ಧೂಳು, ರಾಸಾಯನಿಕ ಬದಲಾವಣೆ ಎಲ್ಲ ನಡುವೆ ಬರುತ್ತವೆ. ಆದರೂ ಈ ಗುಣಲಬ್ಧವನ್ನೇ 'ವಾತಾಯನ ಸೂಚ್ಯಂಕ' ಎಂದು ಕರೆದು ಮುನ್ಸೂಚನೆ ಕೊಡುವವರು ದಿನವೂ ನೋಡುತ್ತಾರೆ.

ಆದ್ದರಿಂದ ಎರಡು ದಿನಗಳ ಅಂಕಿ ಹೋಲಿಸಿ 'ನಮ್ಮ ಕ್ರಮದಿಂದ ಗಾಳಿ ಸುಧಾರಿಸಿತು' ಎಂದು ಯಾರಾದರೂ ಪತ್ರಿಕಾ ಹೇಳಿಕೆ ಕೊಟ್ಟರೆ ಆ ಎರಡು ದಿನಗಳ ಗಾಳಿಯ ವೇಗವನ್ನೂ ಕೇಳಿ.

ಕಡಲ ತಡಿಯಲ್ಲಿ ಎತ್ತರದ ಚಿಮಣಿ ಕಟ್ಟಿದರೆ ಹೊಗೆ ಮೇಲಿಂದ ಮೇಲೆಯೇ ಹೋಗುವುದಿಲ್ಲವೇ?

ಸ್ವಲ್ಪ ದೂರ ಹೋಗುತ್ತದೆ, ಆಮೇಲೆ ಕೆಳಗಿಳಿಯುತ್ತದೆ. ಬಂದರಿನ ಬಳಿ ವಿದ್ಯುತ್ ಸ್ಥಾವರ ಕಟ್ಟುವವರು ಮುಚ್ಚಿಡುವ ಸಂಗತಿ ಇದಲ್ಲ. ಆದರೆ ಜನರಿಗೆ ಯಾರೂ ಹೇಳುವುದಿಲ್ಲ.

ಕಡಲಿನಿಂದ ಬರುವ ಗಾಳಿ ತಂಪು, ಪದರ ಪದರವಾಗಿ ಸ್ಥಿರ. ನೆಲ ಮುಟ್ಟಿದೊಡನೆ ಅದರ ತಳ ಬಿಸಿಯಾಗಿ ಕಲಕತೊಡಗುತ್ತದೆ. ಈ ಕಲಕುವ ಪದರ ದಂಡೆಯಲ್ಲಿ ತೆಳ್ಳಗಿದ್ದು ಒಳಗೆ ಹೋದಂತೆ ದಪ್ಪವಾಗುತ್ತದೆ. ಚಿಮಣಿಯ ಹೊಗೆ ಮೊದಲ ಕೆಲವು ಕಿಲೋಮೀಟರ್ ಈ ಪದರದ ಮೇಲೆ, ಸ್ಥಿರ ಗಾಳಿಯಲ್ಲಿ ಗೆರೆ ಎಳೆದಂತೆ ತೇಲುತ್ತದೆ. ಕೆಳಗಿನವರಿಗೆ ಏನೂ ತಿಳಿಯದು. ಬೆಳೆಯುತ್ತ ಬಂದ ಕಲಕುವ ಪದರ ಒಂದು ಕಡೆ ಆ ಗೆರೆಯನ್ನು ಮುಟ್ಟುತ್ತದೆ; ಅಲ್ಲಿ ಹೊಗೆಯೆಲ್ಲ ನೆಲಕ್ಕೆ ಎಳೆದು ಬೀಳುತ್ತದೆ. ಬೆಳಗ್ಗೆ ಹನ್ನೊಂದಕ್ಕೆ ನೀಲಾಕಾಶದ ಕೆಳಗೆ ಗಂಧಕದ ವಾಸನೆ ಬರುತ್ತಿದ್ದರೆ, ಅಕ್ಕಪಕ್ಕದಲ್ಲಿ ಕಾರ್ಖಾನೆಯೇ ಕಾಣದಿದ್ದರೆ, ಗಾಳಿ ಬಂದ ದಿಕ್ಕಿನಲ್ಲಿ ಕೆಲವು ಕಿಲೋಮೀಟರ್ ಆಚೆ ನೋಡಬೇಕು. ಚಿಮಣಿಯ ಬುಡದಲ್ಲಿ ಇಟ್ಟ ಮಾಪಕ ಇಂಥ ಹೊತ್ತಿನಲ್ಲಿ ಎಲ್ಲ ಸರಿಯಿದೆ ಎನ್ನುತ್ತದೆ.

ಮಳೆ ಬಂದರೆ ಗಾಳಿ ಶುದ್ಧವಾಗುತ್ತದೆಯೇ?

ದಪ್ಪ ಧೂಳಿನ ಮಟ್ಟಿಗೆ ಹೌದು. ಮೈಕ್ರೋಮೀಟರಿನ ಹತ್ತನೇ ಒಂದು ಭಾಗದಿಂದ ಒಂದು ಮೈಕ್ರೋಮೀಟರ್ ಗಾತ್ರದ ನವುರು ಕಣಗಳು ಬೀಳುವ ಹನಿಯ ಸುತ್ತ ಸರಿದು ತಪ್ಪಿಸಿಕೊಳ್ಳುತ್ತವೆ, ಶ್ವಾಸಕೋಶದ ಆಳಕ್ಕೆ ಇಳಿಯುವವೂ ಅವೇ. ಗಂಧಕದ ಡೈಆಕ್ಸೈಡ್ ನೀರಿನಲ್ಲಿ ಕರಗುತ್ತದೆ. ಓಝೋನ್, ಕಾರ್ಬನ್ ಮೊನಾಕ್ಸೈಡ್ ಅಷ್ಟಾಗಿ ಕರಗುವುದಿಲ್ಲ. ಮಳೆಗಾಲದಲ್ಲಿ ಗಾಳಿ ಚೆನ್ನಾಗಿರುವುದಕ್ಕೆ ಮಳೆ ಎಷ್ಟು ಕಾರಣವೋ ಜೊತೆಗೆ ಬೀಸುವ ಬಲವಾದ ಕಡಲ ಮಾರುತ, ಒದ್ದೆ ರಸ್ತೆ ಮತ್ತು ಬಿಸಿಲಿಲ್ಲದ ಆಕಾಶವೂ ಅಷ್ಟೇ ಕಾರಣ. ಮಳೆ ನಿಂತು ರಸ್ತೆಯ ಬದಿಗೆ ಕೊಚ್ಚಿ ಬಂದ ಕೆಸರು ಒಣಗಿದ ಮೇಲೆ ಅದೇ ಧೂಳಾಗಿ ಏಳುತ್ತದೆ ಎಂಬುದು ಬೇರೆ ಮಾತು.

ಮಳೆಗಾಲ ಮುಗಿದು ಚಳಿ ಶುರುವಾಗುವ ಹೊತ್ತಿಗೆ ಮುಂಬೈಯಂಥ ನಗರ ಏಕೆ ತತ್ತರಿಸುತ್ತದೆ?

ಮುಂಗಾರು ಹಿಂದೆ ಸರಿದಾಗ ಕಡಲಿನ ಕಡೆಯ ಮಾರುತ ನಿಲ್ಲುತ್ತದೆ. ರಾತ್ರಿ ಮತ್ತು ಮುಂಜಾನೆ ನೆಲದ ಕಡೆಯಿಂದ ಒಣ, ನಿಧಾನ ಗಾಳಿ. ಕಲಸುವ ಪದರ ಕುಗ್ಗುತ್ತದೆ. ಮಧ್ಯಾಹ್ನದ ಕಡಲ ಗಾಳಿ ಸಮಯಕ್ಕೆ ಸರಿಯಾಗಿ ಬಂದರೆ ಊರು ಬಚಾವು, ತಡವಾದರೆ ಹಿಂದಿನ ದಿನದ್ದರ ಮೇಲೆ ಈ ದಿನದ್ದು ಸೇರಿಕೊಳ್ಳುತ್ತದೆ. 2022–23ರ ಚಳಿಗಾಲದಲ್ಲಿ ಮುಂಬೈಯ ಗಾಳಿ ಎಂದಿಲ್ಲದಷ್ಟು ಕೆಟ್ಟಿತ್ತು. ಸತತ ಮೂರು ವರ್ಷ ಮುಂದುವರಿದ, ಪೆಸಿಫಿಕ್ ಕಡಲ ನೀರು ತಣ್ಣಗಾಗುವ ಲಾ ನಿನಾ ಸ್ಥಿತಿಯಿಂದಾಗಿ ಗಾಳಿಯ ಹರಿವು ಬದಲಾದದ್ದು ಇದಕ್ಕೆ ಒಂದು ಕಾರಣವೆಂದು ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯ ಗುಫ್ರಾನ್ ಬೇಗ್ ಮತ್ತು ಸಂಗಡಿಗರು ವಿವರಿಸಿದರು. ದೂರದ ಪೆಸಿಫಿಕ್ ತಣ್ಣಗಾದರೆ ಅರಬ್ಬಿ ಕಡಲ ದಂಡೆಯವರು ಕೆಮ್ಮಬೇಕಾಗುತ್ತದೆ. ಹಾಗೆಂದು ಎಲ್ಲವನ್ನೂ ಲಾ ನಿನಾದ ತಲೆಗೆ ಕಟ್ಟುವಂತಿಲ್ಲ. ಊರಿನ ತುಂಬ ಏಕಕಾಲಕ್ಕೆ ನಡೆಯುತ್ತಿದ್ದ ಕಟ್ಟಡ, ಮೆಟ್ರೋ, ರಸ್ತೆ ಕಾಮಗಾರಿಗಳ ಧೂಳು ಇಲ್ಲದಿದ್ದರೆ ನಿಂತ ಗಾಳಿಗೆ ಹೊರಲು ಇಷ್ಟು ಇರುತ್ತಿರಲಿಲ್ಲ. 2023ರ ಅಕ್ಟೋಬರಿನಲ್ಲಿ ಮಹಾನಗರ ಪಾಲಿಕೆ ಕಾಮಗಾರಿ ಸ್ಥಳಗಳಿಗೆ ತಗಡಿನ ಆವರಣ, ನೀರು ಚಿಮುಕಿಸುವಿಕೆ ಮುಂತಾದ ನಿಯಮಗಳನ್ನು ಹೊರಡಿಸಬೇಕಾಯಿತು.

ಚಂಡಮಾರುತದ ಗಾಳಿ ಎಲ್ಲವನ್ನೂ ಗುಡಿಸಿಬಿಡಬೇಕಲ್ಲ?

ಮೈಮೇಲೆ ಬಂದರೆ ಗುಡಿಸುತ್ತದೆ. ನೂರಾರು ಕಿಲೋಮೀಟರ್ ದೂರದಲ್ಲಿದ್ದರೆ ಉಲ್ಟಾ. ಚಂಡಮಾರುತದ ನಡುವೆ ಮೇಲೇರಿದ ಗಾಳಿ ಅದರ ಹೊರಅಂಚಿನಲ್ಲಿ ಕೆಳಗಿಳಿಯುತ್ತದೆ; ಇಳಿಯುವ ಗಾಳಿ ಬಿಸಿ, ಒಣ, ಮೋಡವಿಲ್ಲ, ಬಿರುಬಿಸಿಲು. ಹಾಂಗ್‌ಕಾಂಗಿನಲ್ಲಿ ಚಂಡಮಾರುತ ತೈವಾನಿನ ಆಸುಪಾಸಿನಲ್ಲಿರುವಾಗ ಓಝೋನ್ ಏರಿ ಆಕಾಶ ಮಬ್ಬಾಗುವುದು ಅಲ್ಲಿನವರಿಗೆ ಹಳೆಯ ಅನುಭವ.

ಕಡಲಿನ ಉಪ್ಪೂ ಮಾಪಕದಲ್ಲಿ ಮಾಲಿನ್ಯವೆಂದೇ ಲೆಕ್ಕವೇ?

ಮಾಪಕ ಕಣದ ಗಾತ್ರ ನೋಡುತ್ತದೆ, ಜಾತಕವನ್ನಲ್ಲ. ಅಲೆ ಒಡೆದು ಹಾರಿದ ಉಪ್ಪಿನ ಕಣಗಳು ಹೆಚ್ಚಾಗಿ ದಪ್ಪ, ಹಾಗಾಗಿ ಪಿಎಂ 10ರ (10 ಮೈಕ್ರೋಮೀಟರ್‌ವರೆಗಿನ ಕಣಗಳ) ಲೆಕ್ಕದಲ್ಲಿ ಎದ್ದು ಕಾಣುತ್ತವೆ, ಪಿಎಂ 2.5ರಲ್ಲಿ (2.5 ಮೈಕ್ರೋಮೀಟರ್‌ವರೆಗಿನ ನವುರು ಕಣಗಳಲ್ಲಿ) ಕಡಿಮೆ. ಉಪ್ಪು ತಾನಾಗಿ ದೊಡ್ಡ ಶತ್ರುವಲ್ಲ. ನಗರದ ಹೊಗೆಯೊಂದಿಗೆ ಸೇರಿದಾಗ ಕಥೆ ಬೇರೆ: ರಾತ್ರಿ ಹೊತ್ತು ನೈಟ್ರೋಜನ್ ಆಕ್ಸೈಡಿನ ಸಂತತಿ ಉಪ್ಪಿನ ಕ್ಲೋರೈಡಿನೊಡನೆ ಬೆರೆತು ನೈಟ್ರಿಲ್ ಕ್ಲೋರೈಡ್ ಎಂಬ ಅನಿಲವಾಗುತ್ತದೆ, ಬೆಳಗಿನ ಮೊದಲ ಬಿಸಿಲಿಗೆ ಅದು ಒಡೆದು ಕ್ಲೋರಿನ್ ಪರಮಾಣು ಬಿಡುಗಡೆಯಾಗಿ ಓಝೋನ್ ತಯಾರಿಕೆಗೆ ಚಾಲನೆ ಸಿಗುತ್ತದೆ. 2006ರಲ್ಲಿ ಟೆಕ್ಸಸ್ ಕರಾವಳಿಯಾಚೆ ಹಡಗಿನಿಂದ ಅಳೆಯುವವರೆಗೆ ಇದು ಬಹುತೇಕ ಪ್ರಯೋಗಾಲಯದ ಮಾತಾಗಿತ್ತು.

ನನ್ನ ಮನೆಯ ಚಿಕ್ಕ ಮಾಪಕ ತೇವದ ದಿನ ಹೆಚ್ಚು ತೋರಿಸುತ್ತದೆ. ನಂಬಬಹುದೇ?

ಪೂರ್ತಿ ನಂಬಬೇಡಿ. ಅಗ್ಗದ ಮಾಪಕಗಳು ಕಣದಿಂದ ಚದುರಿದ ಬೆಳಕನ್ನು ಅಳೆಯುತ್ತವೆ. ಆರ್ದ್ರತೆ 75 ಶೇಕಡಾ ದಾಟಿದರೆ ಉಪ್ಪಿನ ಕಣ ನೀರು ಕುಡಿದು ಊದಿಕೊಳ್ಳುತ್ತದೆ, ಹೆಚ್ಚು ಬೆಳಕು ಚದುರಿಸುತ್ತದೆ, ಅಂಕಿ ಏರುತ್ತದೆ. ಅಧಿಕೃತ ಕೇಂದ್ರಗಳ ಉಪಕರಣಗಳು ಒಳಬರುವ ಗಾಳಿಯನ್ನು ಬಿಸಿ ಮಾಡಿ ನೀರಿನಂಶ ತೆಗೆದು ಅಳೆಯುತ್ತವೆ. ಕಡಲಂಚಿನಲ್ಲಿ ಆರ್ದ್ರತೆಯ ತಿದ್ದುಪಡಿ ಇಲ್ಲದ ಮಾಪಕ ಏರಿಳಿತ ನೋಡಲು ಸಾಕು, ಅಂಕಿಗಾಗಿ ಜಗಳ ಆಡಲು ಸಾಲದು.

ಬಂದರು ಮತ್ತು ಹಡಗುಗಳ ಪಾಲು ಎಷ್ಟರದ್ದು?

ಊರಿನಿಂದ ಊರಿಗೆ ಬದಲಾಗುತ್ತದೆ. ಆದರೆ ಈ ಪಾಲನ್ನು ಬಹುಕಾಲ ಯಾರೂ ಲೆಕ್ಕಕ್ಕೇ ಹಿಡಿಯಲಿಲ್ಲ, ಏಕೆಂದರೆ ಹಡಗು ಯಾವ ನಗರಸಭೆಗೂ ಸೇರಿದ್ದಲ್ಲ. ತೈಲ ಸಂಸ್ಕರಣೆಯಲ್ಲಿ ಕೊನೆಗೆ ಉಳಿಯುವ, ಗಟ್ಟಿ ಕಪ್ಪು ಎಣ್ಣೆಯನ್ನು ದೊಡ್ಡ ಹಡಗುಗಳು ಸುಡುತ್ತವೆ. ಅದರಲ್ಲಿ ಗಂಧಕ ಶೇಕಡಾ 3.5ರವರೆಗೆ ಇರಬಹುದಿತ್ತು, ಅಂತರರಾಷ್ಟ್ರೀಯ ಸಾಗರ ಸಂಸ್ಥೆ 2020ರ ಜನವರಿ 1ರಿಂದ ಆ ಮಿತಿಯನ್ನು 0.5ಕ್ಕೆ ಇಳಿಸಿತು. ಬಾಲ್ಟಿಕ್, ಉತ್ತರ ಸಮುದ್ರ, ಉತ್ತರ ಅಮೆರಿಕದ ಕರಾವಳಿಗಳಲ್ಲಿ 2015ರಿಂದಲೇ 0.1 ಜಾರಿಯಲ್ಲಿದೆ, ಮೆಡಿಟರೇನಿಯನ್ 2025ರ ಮೇ 1ರಿಂದ ಆ ಪಟ್ಟಿಗೆ ಸೇರಿತು. ಗಾಳಿಯಲ್ಲಿ ವನೇಡಿಯಂ ಮತ್ತು ನಿಕ್ಕಲ್ ಒಟ್ಟಿಗೆ ಸಿಕ್ಕರೆ ಅದು ಹಡಗಿನ ಎಣ್ಣೆಯ ಗುರುತು ಎಂದು ಪರೀಕ್ಷಕರು ಹೇಳುತ್ತಾರೆ.

ಗಂಧಕ ಇಳಿದರೂ ನೈಟ್ರೋಜನ್ ಆಕ್ಸೈಡ್ ಇಳಿಯುವುದಿಲ್ಲ, ಅದು ಇಂಜಿನ್ನಿನ ಬಿಸಿಯಿಂದ ಹುಟ್ಟುವಂಥದ್ದು. ಧಕ್ಕೆಗೆ ಬಂದು ನಿಂತ ಹಡಗೂ ಸುಮ್ಮನಿರುವುದಿಲ್ಲ. ದೀಪ, ಪಂಪು, ಶೈತ್ಯಾಗಾರಗಳಿಗಾಗಿ ಸಹಾಯಕ ಇಂಜಿನ್ನುಗಳು ಹಗಲೂ ರಾತ್ರಿ ಓಡುತ್ತಿರುತ್ತವೆ. ದಡದಿಂದಲೇ ವಿದ್ಯುತ್ ತಂತಿ ಜೋಡಿಸಿ ಇಂಜಿನ್ ಆರಿಸುವ ನಿಯಮವನ್ನು ಕ್ಯಾಲಿಫೋರ್ನಿಯಾ 2014ರಿಂದ ಜಾರಿಗೆ ತಂದಿದೆ. ಬಂದರಿನ ಬಾಗಿಲಲ್ಲಿ ಗಂಟೆಗಟ್ಟಲೆ ಇಂಜಿನ್ ಆರಿಸದೆ ಸಾಲುಗಟ್ಟುವ ಹಳೆಯ ಲಾರಿಗಳನ್ನು ಈ ಲೆಕ್ಕದಲ್ಲಿ ಮರೆಯುವುದು ಇನ್ನೊಂದು ಸಾಮಾನ್ಯ ತಪ್ಪು.

ನಗರ ಬೆಳೆದರೆ ವಾಹನ ಹೆಚ್ಚುತ್ತದೆ, ಹೊಗೆ ಹೆಚ್ಚುತ್ತದೆ. ಇದರಾಚೆ ಹೇಳುವುದೇನಿದೆ?

ಬಹಳವಿದೆ. ಬೆಳೆಯುವ ನಗರ ಹೊಗೆಯನ್ನು ಹೆಚ್ಚಿಸುವುದರ ಜೊತೆಗೆ ಹೊಗೆ ಚದುರುವ ದಾರಿಯನ್ನೂ ಮುಚ್ಚುತ್ತದೆ. ಎರಡನೆಯದು ನಿಧಾನವಾಗಿ ನಡೆಯುವುದರಿಂದ ಯಾರ ಕಣ್ಣಿಗೂ ಬೀಳುವುದಿಲ್ಲ.

ಕಡಲಂಚಿನ ಊರಿಗೆ ಸುತ್ತಲೂ ಹಬ್ಬಲು ಜಾಗವಿಲ್ಲ, ಒಂದು ಬದಿ ನೀರು. ಆದ್ದರಿಂದ ಊರು ದಂಡೆಯುದ್ದಕ್ಕೆ ಪಟ್ಟಿಯಂತೆ ಚಾಚುತ್ತದೆ, ಇಲ್ಲವೇ ಒಳಕ್ಕೆ. ಕೆಲಸದ ಜಾಗ ಹಳೆಯ ಬಂದರಿನ ಬಳಿಯೇ ಉಳಿದು ಮನೆಗಳು ದೂರವಾದಂತೆ ದಿನದ ಪ್ರಯಾಣ ಉದ್ದವಾಗುತ್ತದೆ. ನೀರಿಗೆ ಮುಖ ಮಾಡಿದ ನಿವೇಶನದ ಬೆಲೆ ಹೆಚ್ಚು. ಹಾಗಾಗಿ ಅತಿ ಎತ್ತರದ ಕಟ್ಟಡಗಳೆಲ್ಲ ಅಲ್ಲೇ, ಒತ್ತೊತ್ತಾಗಿ, ಕಡಲ ಗಾಳಿ ಬರುವ ಬಾಗಿಲಲ್ಲೇ ಏಳುತ್ತವೆ. ಮೊದಲ ಸಾಲಿನವರಿಗೆ ನೋಟವೂ ಗಾಳಿಯೂ ಸಿಕ್ಕಿತು. ಹಿಂದಿನ ಸಾಲಿನವರಿಗೆ ಎರಡೂ ಇಲ್ಲ.

ಹಾಂಗ್‌ಕಾಂಗಿನಲ್ಲಿ ಇದಕ್ಕೆ 'ಗೋಡೆ ಕಟ್ಟಡ' ಎಂಬ ಹೆಸರೇ ಇದೆ. 2003ರ ಸಾರ್ಸ್ ಪಿಡುಗಿನ ನಂತರ ಗಾಳಿಯಾಡದ ಬೀದಿಗಳ ಚರ್ಚೆ ಜೋರಾಗಿ, 2006ರಿಂದ ದೊಡ್ಡ ಸರ್ಕಾರಿ ಯೋಜನೆಗಳಿಗೆ ವಾತಾಯನ ಮೌಲ್ಯಮಾಪನ ಬಂದಿತು: ಕಟ್ಟುವ ಮೊದಲು ಸುತ್ತಲಿನ ಬೀದಿಯ ಗಾಳಿಗೆ ಏನಾಗುತ್ತದೆ ಎಂದು ತೋರಿಸಬೇಕು. ಟೋಕಿಯೋದಲ್ಲಿ ಶಿಯೊದೊಮೆ ಪ್ರದೇಶದ ಗಗನಚುಂಬಿಗಳು ಕೊಲ್ಲಿಯ ಗಾಳಿಯನ್ನು ತಡೆದವು ಎಂಬ ದೂರು ಇಂದಿಗೂ ಇದೆ.

ಬೀದಿಯೊಳಗೆ ಇಳಿದು ನೋಡೋಣ. ಕಟ್ಟಡದ ಎತ್ತರ ಬೀದಿಯ ಅಗಲದ ಸುಮಾರು ಮುಕ್ಕಾಲು ಭಾಗ ದಾಟಿದರೆ, ಅಡ್ಡಲಾಗಿ ಬೀಸುವ ಗಾಳಿ ಛಾವಣಿಗಳ ಮೇಲಿಂದಲೇ ಜಾರಿ ಹೋಗುತ್ತದೆ. ಬೀದಿಯೊಳಗೆ ಒಂದು ಸುಳಿ ಮಾತ್ರ ತಿರುಗುತ್ತಿರುತ್ತದೆ. ಸುಳಿಯಲ್ಲಿ ಕೆಳಗಿನ ಗಾಳಿ ಮೇಲಿನ ಗಾಳಿಯ ವಿರುದ್ಧ ದಿಕ್ಕಿಗೆ ಹರಿಯುವುದರಿಂದ ಬಸ್ಸಿನ ಹೊಗೆ ಗಾಳಿ ಬರುವ ಬದಿಯ ಕಟ್ಟಡಗಳ ಬುಡಕ್ಕೆ ಬಂದು ಸೇರುತ್ತದೆ. ಅದೇ ಬೀದಿಯ ಎದುರು ಬದಿಯ ಕಾಲುದಾರಿಯಲ್ಲಿ ನಡೆಯುವವರು ಎಷ್ಟೋ ಸ್ವಚ್ಛ ಗಾಳಿ ಉಸಿರಾಡುತ್ತಿರುತ್ತಾರೆ. ಮಾಪಕವನ್ನು ಯಾವ ಬದಿಗೆ ಇಡುತ್ತೀರಿ ಎಂಬುದರ ಮೇಲೆ ಬೀದಿಯ ಹಣೆಬರಹ ಬದಲಾಗುತ್ತದೆ.

ಕಾಂಕ್ರೀಟು ಹೆಚ್ಚಾದರೆ ನೆಲ ಹೆಚ್ಚು ಕಾಯುತ್ತದೆ, ಆಗ ಕಡಲ ಗಾಳಿ ಇನ್ನೂ ಬಲವಾಗಬೇಕಲ್ಲ?

ಒಳ್ಳೆಯ ಪ್ರಶ್ನೆ. ತರ್ಕ ಸರಿಯಾಗಿದೆ, ಫಲಿತಾಂಶ ಇಬ್ಬಂದಿ. ಕಾದ ನಗರ ಕಡಲ ಗಾಳಿಯನ್ನು ಎಳೆದುಕೊಳ್ಳುತ್ತದೆ. ಆದರೆ ನಗರದ ಮೇಲೇ ಏರುವ ಬಿಸಿ ಗಾಳಿ ಅದನ್ನು ಅಲ್ಲಿಯೇ ಹಿಡಿದಿಟ್ಟುಕೊಳ್ಳುತ್ತದೆ, ಕಟ್ಟಡಗಳ ಒರಟುತನ ಕಾಲು ಹಿಡಿದೆಳೆಯುತ್ತದೆ. ಹೀಗಾಗಿ ಕಡಲ ಗಾಳಿ ನಗರದಾಚೆಯ ಊರುಗಳನ್ನು ಮುಟ್ಟುವುದು ತಡವಾಗುತ್ತದೆ. ಇತ್ತ ರಾತ್ರಿಯೂ ನಗರ ಬೆಚ್ಚಗೇ ಇರುವುದರಿಂದ ನೆಲದ ಗಾಳಿ ದುರ್ಬಲವಾಗುತ್ತದೆ. ಒಂದು ಲಾಭವೂ ಇದೆ, ಬೆಚ್ಚಗಿನ ನಗರದ ಮೇಲೆ ರಾತ್ರಿಯ ವಿಲೋಮ ಅಷ್ಟು ಗಟ್ಟಿಯಾಗಿ ಕೂರುವುದಿಲ್ಲ. ಆದರೆ ಶಾಖ ಹೆಚ್ಚಿದಷ್ಟೂ ಓಝೋನ್ ಹೆಚ್ಚು, ಪೆಟ್ರೋಲ್ ಆವಿಯಾಗುವುದೂ ಹೆಚ್ಚು.

ಮರ ನೆಟ್ಟರೆ ಸಾಕೇ?

ನೆರಳಿಗೆ, ತಂಪಿಗೆ ಧಾರಾಳವಾಗಿ ನೆಡಿ. ಗಾಳಿ ಶುದ್ಧಿಗೆ ಮಾತ್ರ ನೆಡುವುದಾದರೆ ಎಲ್ಲಿ ಎಂದು ನೋಡಿ. ಎತ್ತರದ ಕಟ್ಟಡಗಳ ನಡುವಿನ ಕಿರಿದಾದ ಬೀದಿಯಲ್ಲಿ ದಟ್ಟ ಮರಗಳ ಮೇಲಾವರಣ ಹೊಗೆಯನ್ನು ಕೆಳಗೇ ತಡೆದು ನಿಲ್ಲಿಸಬಹುದು. ಹೆದ್ದಾರಿಗೂ ಶಾಲೆಗೂ ನಡುವೆ ಪೊದೆಗಳ ದಟ್ಟ ಬೇಲಿ ಇದ್ದರೆ ನಿಜಕ್ಕೂ ಉಪಯೋಗ. ಕೆಲವು ಜಾತಿಯ ಮರಗಳು ಬಿಸಿಲಿನಲ್ಲಿ ಐಸೊಪ್ರೀನ್ ಎಂಬ ಆವಿ ಬಿಡುತ್ತವೆ, ವಾಹನದ ಹೊಗೆಯೊಡನೆ ಸೇರಿ ಅದೂ ಓಝೋನ್ ಆಗುತ್ತದೆ. ಮರದ ತಪ್ಪಲ್ಲ ಅದು, ಹೊಗೆಯದು.

ವಾಹನ ಕಡಿಮೆಯಿರುವ ಭಾನುವಾರ ಓಝೋನ್ ಏರಿದ್ದನ್ನು ನೋಡಿದ್ದೇನೆ. ಇದು ಹೇಗೆ ಸಾಧ್ಯ?

ಸಾಧ್ಯ, ಲಾಸ್ ಏಂಜಲೀಸಿನಲ್ಲಿ ದಶಕಗಳ ಕಾಲ ಇದು ದಾಖಲಾಗಿದೆ. ವಾಹನದಿಂದ ತಾಜಾ ಹೊರಬಿದ್ದ ನೈಟ್ರಿಕ್ ಆಕ್ಸೈಡ್ ಓಝೋನನ್ನು ತಿಂದುಹಾಕುತ್ತದೆ. ಭಾನುವಾರ ಲಾರಿ ಕಡಿಮೆ, ತಿನ್ನುವವರು ಕಡಿಮೆ. ನೈಟ್ರೋಜನ್ ಆಕ್ಸೈಡ್ ತುಂಬಿ ತುಳುಕುವ ನಗರದಲ್ಲಿ ಅದನ್ನು ಸ್ವಲ್ಪ ಇಳಿಸಿದರೆ ಮೊದಲಿಗೆ ಓಝೋನ್ ಏರಬಹುದು. ಇನ್ನಷ್ಟು ಇಳಿಸಿದ ಮೇಲೆ, ಆವಿಗಳನ್ನೂ ಇಳಿಸಿದ ಮೇಲೆ ಇಳಿಯುತ್ತದೆ. 2020ರ ಲಾಕ್‌ಡೌನ್ ಹೊತ್ತಿನಲ್ಲಿ ಹಲವು ನಗರಗಳಲ್ಲಿ ಕಂಡದ್ದೂ ಇದೇ. ಇದನ್ನು 'ನಿಯಂತ್ರಣದಿಂದ ಪ್ರಯೋಜನವಿಲ್ಲ' ಎಂಬ ವಾದಕ್ಕೆ ಬಳಸುವವರಿದ್ದಾರೆ. ಅದು ಅರ್ಧ ದಾರಿಯಲ್ಲಿ ನಿಲ್ಲುವವರ ವಾದ.

ಬೇರೆ ಊರಿನ ಹೊಗೆ ನಮ್ಮಲ್ಲಿಗೆ ಬಂದರೆ?

ಬರುತ್ತದೆ. ಇಂಡೋನೇಷ್ಯಾದ ಸುಮಾತ್ರಾದ ಪೀಟ್ ಭೂಮಿ (ಅರೆಕೊಳೆತ ಸಸ್ಯಗಳು ಶೇಖರವಾದ ಜೌಗು ನೆಲ) ಮತ್ತು ಕಾಡು ಉರಿದಾಗ ಸಿಂಗಪುರ ಉಸಿರುಗಟ್ಟುತ್ತದೆ; 2013ರ ಜೂನ್ 21ರಂದು ಅಲ್ಲಿನ ಮಾಲಿನ್ಯ ಸೂಚ್ಯಂಕ 401 ಮುಟ್ಟಿತ್ತು. ಮರುವರ್ಷ ಸಿಂಗಪುರ ಗಡಿಯಾಚೆಯ ಹೊಗೆಗೂ ದಂಡ ವಿಧಿಸುವ ಕಾನೂನು ತಂದಿತು. ಪಶ್ಚಿಮ ಆಫ್ರಿಕದ ಡಾಕಾರ್, ಲಾಗೋಸ್ ನಗರಗಳಿಗೆ ಸಹಾರಾದ ಧೂಳು ಹರ್ಮಟಾನ್ ಗಾಳಿಯೊಂದಿಗೆ ಬರುತ್ತದೆ. ಅದಕ್ಕೆ ದಂಡ ಹಾಕುವವರಿಲ್ಲ.

ಯಾವ ಅಂಕಿಯನ್ನು ಸುರಕ್ಷಿತ ಎನ್ನಬೇಕು?

ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಪಿಎಂ 2.5ಕ್ಕೆ ವಾರ್ಷಿಕ ಸರಾಸರಿ ಘನ ಮೀಟರಿಗೆ 5 ಮೈಕ್ರೋಗ್ರಾಂ, 24 ಗಂಟೆಗೆ 15 ಎಂದು ಹೇಳಿದೆ. ಅದಕ್ಕೂ ಮೊದಲು 10 ಮತ್ತು 25 ಇತ್ತು. ಭಾರತದ ಮಾನದಂಡ ಕ್ರಮವಾಗಿ 40 ಮತ್ತು 60. 'ಮಿತಿಯೊಳಗಿದೆ' ಎಂಬ ಮಾತು ಕೇಳಿದಾಗ ಯಾರ ಮಿತಿ ಎಂದು ಕೇಳುವುದು ಒಳ್ಳೆಯ ಅಭ್ಯಾಸ.

ವಾಕಿಂಗ್‌ಗೆ, ಕಿಟಕಿ ತೆರೆಯುವುದಕ್ಕೆ ಯಾವ ಹೊತ್ತು ಒಳ್ಳೆಯದು?

ಕಣದ ಮಾಲಿನ್ಯವಿರುವ ಚಳಿಗಾಲದಲ್ಲಿ ಮುಂಜಾನೆಯ ನಡಿಗೆಯೇ ಅತಿ ಕೆಟ್ಟದ್ದು, ನಮ್ಮ ನಂಬಿಕೆಗೆ ಪೂರ್ತಿ ವಿರುದ್ಧ. ವಿಲೋಮ ಕೆಳಗೇ ಇರುತ್ತದೆ, ರಾತ್ರಿಯ ಹೊಗೆಯೂ ಬೆಳಗಿನ ದಟ್ಟಣೆಯೂ ಒಂದಾಗಿರುತ್ತವೆ. ದಂಡೆಯ ಬಳಿಯವರಾದರೆ ಕಡಲ ಗಾಳಿ ಶುರುವಾದ ಮೇಲೆ ಕಿಟಕಿ ತೆರೆಯಿರಿ. ಒಳಗಿನ ಬಡಾವಣೆಯವರಾದರೆ ಬೇಸಿಗೆಯ ಮಧ್ಯಾಹ್ನ ಎರಡರಿಂದ ಐದರವರೆಗೆ ಓಝೋನ್ ಹೆಚ್ಚಿರುವ ಸಾಧ್ಯತೆಯಿದೆ; ಮಕ್ಕಳ ಓಟದ ಅಭ್ಯಾಸ ಆ ಹೊತ್ತಿಗೆ ಬೇಡ. ಮುಖಗವಸು ಕಣಕ್ಕೆ ಕೆಲಸ ಮಾಡುತ್ತದೆ, ಓಝೋನಿಗೆ ಅಲ್ಲ.

ಕೊನೆಗೆ ತಪ್ಪು ಯಾರದು, ಹವೆಯದೋ ನಗರದ್ದೋ?

ಹವೆ ಹೊಗೆ ಹುಟ್ಟಿಸುವುದಿಲ್ಲ, ಹಂಚುತ್ತದೆ. ಯಾರಿಗೆ, ಯಾವಾಗ, ಎಷ್ಟು ಎಂದು ತೀರ್ಮಾನಿಸುತ್ತದೆ. ಲಾಸ್ ಏಂಜಲೀಸಿನ ಬೆಟ್ಟವೂ ಕಡಲೂ ವಿಲೋಮವೂ 1955ರಲ್ಲಿ ಹೇಗಿದ್ದವೋ ಹಾಗೇ ಇವೆ, ವಾಹನಗಳು ಅನೇಕ ಪಟ್ಟು ಹೆಚ್ಚಿವೆ. ಆದರೂ ಓಝೋನಿನ ಗರಿಷ್ಠ ಮಟ್ಟ ಅಂದಿನ ಮೂರನೇ ಒಂದಕ್ಕಿಂತ ಕಡಿಮೆ. ಇಂಧನ, ಇಂಜಿನ್, ಕಾರ್ಖಾನೆಗಳ ಮೇಲೆ ಬಿಗಿ ನಿಯಮ ಹಾಕಿದ್ದರಿಂದ ಇದಾಯಿತು. ಆ ನಗರದ ಓಝೋನ್ ಅಮೆರಿಕದ ರಾಷ್ಟ್ರೀಯ ಮಿತಿಯೊಳಕ್ಕೆ ಇನ್ನೂ ಇಳಿದಿಲ್ಲ ಎನ್ನುವುದೂ ನಿಜ. ಹವೆ ತನ್ನ ಪಾಲು ವಸೂಲಿ ಮಾಡುತ್ತಲೇ ಇದೆ.

ದಂಡೆಯಲ್ಲಿ ಹೊಸ ಬಡಾವಣೆ ಅಥವಾ ಬಂದರು ವಿಸ್ತರಣೆ ಬರುತ್ತಿದೆ. ಸಾರ್ವಜನಿಕ ಅಹವಾಲಿನಲ್ಲಿ ಏನು ಕೇಳಬೇಕು?

ಗಾಳಿಯ ಮಾಪನ ಯಾವ ತಿಂಗಳಲ್ಲಿ ನಡೆಯಿತು ಎಂದು ಮೊದಲು ಕೇಳಿ. ಬಲವಾದ ಮಾರುತದ ಕಾಲದಲ್ಲಿ ಅಳೆದ ಅಂಕಿ ನಿಂತ ಗಾಳಿಯ ಕಾಲಕ್ಕೆ ಸಾಕ್ಷಿಯಾಗದು. ಲೆಕ್ಕಾಚಾರದ ಮಾದರಿಯಲ್ಲಿ ಕಡಲ ಗಾಳಿಯ ಮರಳು ಹರಿವು, ತಡಿಯ ಕಲಕುವ ಪದರ ಸೇರಿವೆಯೇ, ಇಲ್ಲ ಸಮತಟ್ಟಾದ ಒಳನಾಡಿನ ಮಾದರಿಯನ್ನೇ ತಂದು ಅಂಟಿಸಲಾಗಿದೆಯೇ? ಕಟ್ಟಡಗಳ ಉದ್ದ ಬದಿ ಕಡಲಿಗೆ ಅಡ್ಡವಾಗಿದೆಯೋ ನೇರವಾಗಿದೆಯೋ, ನಡುವೆ ಬಿಟ್ಟ ಜಾಗ ಎಷ್ಟು? ಹಡಗು ನಿಲ್ಲುವ ಧಕ್ಕೆಗೆ ದಡದ ವಿದ್ಯುತ್ ಇದೆಯೇ? ಮಾಪಕ ಕೇಂದ್ರ ದಂಡೆಯಲ್ಲಿ ಮಾತ್ರ ಇದ್ದರೆ ಗಾಳಿ ಹೋಗುವ ದಿಕ್ಕಿನಲ್ಲಿ ಹತ್ತು ಹದಿನೈದು ಕಿಲೋಮೀಟರ್ ಒಳಗೆ ಇನ್ನೊಂದನ್ನು ಇಡಲು ಒತ್ತಾಯಿಸಿ. ಉತ್ತರವನ್ನು ಬಾಯಿಮಾತಿನಲ್ಲಿ ಒಪ್ಪಿಕೊಳ್ಳದೆ ನಡಾವಳಿಯಲ್ಲಿ ದಾಖಲಿಸಿಕೊಳ್ಳುವಂತೆ ಹೇಳಿ.